ಗೇಮ್ ಹಾಕಿದರೆ ಟಿವಿ ಸುಟ್ಟುಹೋಗುತ್ತದೆಯೇ? ಟಿವಿಗೆ ವಯರ್ ಚುಚ್ಚುವ ಮುನ್ನ ತಿಳಿದಿರಬೇಕಾದ್ದು

"ಗೇಮ್ ಹಾಕ್ಬ್ಯಾಡ ಕಣ್ಲಾ, ಟ್ಯೂಬು ಹೊಂಟೋಯ್ತದೆ!" ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬೇಸಿಗೆ ರಜೆ ಕಳೆದವರಿಗೆ ಈ ಬೈಗುಳ ಹೊಸದಲ್ಲ. ಟ್ಯೂಬಿನ ಟಿವಿಗಳು ಅಟ್ಟ ಸೇರಿ ಗೋಡೆಗೆ ಎಲ್‌ಇಡಿ ಟಿವಿ ಬಂದಮೇಲೂ ಮಾತು ಮಾತ್ರ ಉಳಿದಿದೆ. ಈಗ ಅದು ಮೊಬೈಲಿನಲ್ಲಿ ಓಡಾಡುತ್ತದೆ: ಗೇಮ್ ಡಬ್ಬಿ ಜೋಡಿಸಿದರೆ ಟಿವಿಯ ಆಯುಷ್ಯ ಕಡಿಮೆ, ಡಿವಿಡಿ ಹಾಕಿದರೆ ಬೋರ್ಡ್ ಸುಡುತ್ತದೆ, ಅಗ್ಗದ ಎಚ್‌ಡಿಎಂಐ ವಯರ್‌ನಿಂದ ಪರದೆ ಹಾಳಾಗುತ್ತದೆ, ಸ್ವಿಚ್ ಆಫ್ ಮಾಡಿದರೆ ಸಿಡಿಲಿಗೆ ಭಯವಿಲ್ಲ.

ಇವುಗಳಲ್ಲಿ ಮೊದಲ ಮೂರು ಸುಳ್ಳು ಅಥವಾ ಮುಕ್ಕಾಲು ಸುಳ್ಳು. ಅವನ್ನು ನಂಬಿದರೆ ಮಕ್ಕಳಿಗೆ ಬೇಸರ, ಜೇಬಿಗೆ ಸ್ವಲ್ಪ ನಷ್ಟ, ಅಷ್ಟೆ. ಕೊನೆಯದನ್ನು ನಂಬಿದರೆ ಟಿವಿ ಹೋಗಬಹುದು, ಜೀವವೂ ಹೋಗಬಹುದು. ಹಂಚುವಾಗ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತೇವೆ ಎಂಬುದೇ ತೊಂದರೆ.

ಒಂದು ವೋಲ್ಟ್‌ನ ಸಂಕೇತ

ಡಿವಿಡಿ ಪ್ಲೇಯರ್ ಅಥವಾ ಹಳೆಯ ಗೇಮ್ ಡಬ್ಬಿಯ ಹಳದಿ ವಯರ್‌ನಲ್ಲಿ ಟಿವಿಗೆ ಹೋಗುವುದು ಚಿತ್ರದ ಸಂಕೇತ. ಅದರ ಗಾತ್ರ ಸುಮಾರು ಒಂದು ವೋಲ್ಟ್. ಗೋಡೆ ಗಡಿಯಾರಕ್ಕೆ ಹಾಕುವ ಸಣ್ಣ ಸೆಲ್‌ನಲ್ಲಿ ಒಂದೂವರೆ ವೋಲ್ಟ್ ಇರುತ್ತದೆ. ಅದಕ್ಕಿಂತಲೂ ಕಡಿಮೆಯಾದ ಈ ಸಂಕೇತಕ್ಕೆ ಟಿವಿಯನ್ನು ಸುಡುವ ಶಕ್ತಿ ಎಲ್ಲಿಂದ ಬರಬೇಕು? ಬಿಳಿ ಮತ್ತು ಕೆಂಪು ವಯರ್‌ಗಳು ಧ್ವನಿಗೆ. ಅವನ್ನು ಅದಲುಬದಲು ಮಾಡಿದರೂ ಏನೂ ಸುಡುವುದಿಲ್ಲ, ಎಡದ ಸದ್ದು ಬಲಕ್ಕೆ ಬರುತ್ತದೆ. ಹಳದಿಯನ್ನು ಕೆಂಪಿಗೆ ಚುಚ್ಚಿದರೆ ಕರ್ಕಶ ಸದ್ದು ಬರುತ್ತದೆ, ಚಿತ್ರ ಬರುವುದಿಲ್ಲ. ತೆಗೆದು ಸರಿಯಾಗಿ ಹಾಕಿದರೆ ಮುಗಿಯಿತು.

ಹಾಗಾದರೆ "ಟ್ಯೂಬು ಹೋಗುತ್ತದೆ" ಎಂಬ ಮಾತು ಎಲ್ಲಿಂದ ಬಂತು? ಅದರ ಹಿಂದೆ ಒಂದು ಎಳೆ ಸತ್ಯವಿದೆ. ಹಳೆಯ ಟಿವಿಯ ಗಾಜಿನ ಒಳಗೆ ಬೆಳಕು ಕೊಡುವ ರಾಸಾಯನಿಕದ ಲೇಪನ ಇರುತ್ತದೆ. ಒಂದೇ ಜಾಗದಲ್ಲಿ ಒಂದೇ ಚಿತ್ರ ತಿಂಗಳುಗಟ್ಟಲೆ ಪ್ರಖರವಾಗಿ ನಿಂತರೆ ಆ ಜಾಗದ ಲೇಪನ ಬೇರೆಡೆಗಿಂತ ಬೇಗ ಮುಪ್ಪಾಗುತ್ತದೆ, ಚಿತ್ರದ ನೆರಳು ಅಳಿಸದಂತೆ ಉಳಿಯುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಓಡುವ ವಿಡಿಯೋ ಗೇಮ್ ಅಂಗಡಿಯ ಯಂತ್ರಗಳಲ್ಲಿ ಹೀಗೆ ಆಗುತ್ತಿತ್ತು. ನಿಂಟೆಂಡೊ ಕಂಪನಿ ತನ್ನ ಹಳೆಯ ಗೇಮ್ ಯಂತ್ರದ ಕೈಪಿಡಿಯಲ್ಲಿ ಪ್ರೊಜೆಕ್ಷನ್ ಟಿವಿಗೆ ಜೋಡಿಸಬೇಡಿ ಎಂದು ಎಚ್ಚರಿಸಿದ್ದೂ ಇದೇ ಕಾರಣಕ್ಕೆ. ಆದರೆ ಮನೆಯ ಮಾಮೂಲಿ ಟಿವಿಯಲ್ಲಿ ದಿನಕ್ಕೆ ಎರಡು ಗಂಟೆ, ಅದೂ ಚಿತ್ರ ಓಡುತ್ತಲೇ ಇರುವ ಗೇಮ್ ಆಡಿದರೆ ಆಗುವ ಸವೆತ ಧಾರಾವಾಹಿ ನೋಡಿದಾಗ ಆಗುವಷ್ಟೇ. ಚಿತ್ರ ಆಂಟೆನಾದಿಂದ ಬಂತೋ ಗೇಮ್ ಡಬ್ಬಿಯಿಂದ ಬಂತೋ ಟ್ಯೂಬಿಗೆ ಗೊತ್ತಾಗುವುದಿಲ್ಲ.

ಇಂದಿನ ಎಲ್‌ಇಡಿ ಟಿವಿಗಳಿಗೆ ಈ ಭಯ ಇನ್ನೂ ಕಡಿಮೆ. ದುಬಾರಿಯ ಓಎಲ್‌ಇಡಿ ಪರದೆಗಳಲ್ಲಿ ಮಾತ್ರ ಸ್ಥಿರ ಚಿತ್ರದ ಗುರುತು ಉಳಿಯುವ ಸಾಧ್ಯತೆ ಇದೆ. ಅಲ್ಲಿಯೂ ದೊಡ್ಡ ಆರೋಪಿ ಗೇಮ್ ಅಲ್ಲ. ದಿನವಿಡೀ ಹಚ್ಚಿಟ್ಟ ನ್ಯೂಸ್ ಚಾನೆಲ್‌ನ ಲೋಗೋ ಮತ್ತು ಕೆಳಗಿನ ಕೆಂಪು ಪಟ್ಟಿ ಅದಕ್ಕಿಂತ ಹೆಚ್ಚು ಕೆಲಸ ಕೆಡಿಸುತ್ತವೆ. (ಇದನ್ನು ಮನೆಯ ಹಿರಿಯರ ಗ್ರೂಪಿಗೆ ಕಳಿಸುವ ಧೈರ್ಯ ನಿಮಗೆ ಬಿಟ್ಟದ್ದು.)

ಬಂದೂಕಿನಿಂದ ಏನೂ ಹೊರಡುವುದಿಲ್ಲ

ಗೇಮ್ ಡಬ್ಬಿಯ ಜೊತೆ ಒಂದು ಪ್ಲಾಸ್ಟಿಕ್ ಬಂದೂಕು ಬರುತ್ತಿತ್ತು. ಅದನ್ನು ಪರದೆಗೆ ಗುರಿಯಿಟ್ಟು ಬಾತುಕೋಳಿ ಹೊಡೆಯಬೇಕು. "ಅದರಿಂದ ಕಿರಣ ಬಂದು ಟ್ಯೂಬಿಗೆ ತಾಗುತ್ತದೆ, ಕಣ್ಣಿಗೂ ಕೆಟ್ಟದ್ದು" ಎಂದು ಹೇಳಿ ಅದನ್ನು ಎತ್ತಿಟ್ಟ ಅಪ್ಪಂದಿರು ಬೇಕಾದಷ್ಟು. ವಾಸ್ತವ ಇದಕ್ಕೆ ತಿರುಗುಮುರುಗು. ಆ ಬಂದೂಕು ಬೆಳಕನ್ನು ಕಳಿಸುವುದಿಲ್ಲ, ನೋಡುತ್ತದೆ. ನಳಿಗೆಯೊಳಗೆ ಬೆಳಕನ್ನು ಗುರುತಿಸುವ ಒಂದು ಸಣ್ಣ ಕಣ್ಣಿದೆ. ಕುದುರೆ ಎಳೆದ ಕ್ಷಣ ಗೇಮ್ ಪರದೆಯನ್ನು ಪೂರ್ತಿ ಕಪ್ಪು ಮಾಡುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ತೋರಿಸುತ್ತದೆ. ಬಂದೂಕಿನ ಕಣ್ಣಿಗೆ ಮೊದಲು ಕಪ್ಪು, ಆಮೇಲೆ ಬಿಳಿ ಕಂಡರೆ ಗುರಿ ಸರಿ. ಮೊದಲು ಕಪ್ಪು ಕಾಣಬೇಕೆಂಬ ನಿಯಮ ಇರುವುದು ಬಲ್ಬಿಗೆ ಗುರಿಯಿಟ್ಟು ಮೋಸ ಮಾಡುವವರನ್ನು ಹಿಡಿಯಲು.

ಇದೇ ಬಂದೂಕು ಇಂದಿನ ಎಲ್‌ಇಡಿ ಟಿವಿಯ ಮುಂದೆ ಕೆಲಸ ಮಾಡುವುದಿಲ್ಲ. ಹೊಸ ಟಿವಿ ಬಂದ ಚಿತ್ರವನ್ನು ಒಳಗೆ ಸಂಸ್ಕರಿಸಿ, ಕಣ್ಣಿಗೆ ಗೊತ್ತಾಗದಷ್ಟು ತಡವಾಗಿ ತೋರಿಸುತ್ತದೆ. ಬಂದೂಕು ಕಾಯುವ ಕ್ಷಣ ಅಷ್ಟರಲ್ಲಿ ಕಳೆದಿರುತ್ತದೆ. ಆದ್ದರಿಂದ ಜಾತ್ರೆಯಲ್ಲಿ ಹೊಸದಾಗಿ ಕೊಂಡ ಗೇಮ್ ಸೆಟ್ಟಿನ ಬಂದೂಕು ಹೊಡೆಯದಿದ್ದರೆ ಅದು ಕೆಟ್ಟಿದೆ ಎಂದೇನಿಲ್ಲ, ಟಿವಿ ಕೆಟ್ಟಿದೆ ಎಂದೂ ಅಲ್ಲ. ಅಟ್ಟದ ಮೇಲಿನ ಹಳೆಯ ಟಿವಿ ಇಳಿಸಿದರೆ ಬಾತುಕೋಳಿ ಮತ್ತೆ ಬೀಳುತ್ತದೆ. (ಡಬ್ಬಿಯ ಮೇಲೆ 9999 ಗೇಮ್ ಎಂದು ಬರೆದಿದ್ದರೂ ಒಳಗಿರುವುದು ಹೆಸರು ಬದಲಿಸಿಕೊಂಡ ಕೆಲವೇ ಗೇಮ್‌ಗಳು. ಅದೊಂದು ಬೇರೆಯೇ ಮೋಸ.)

ನಿಜವಾಗಿ ಈ ಡಬ್ಬಿಗಳನ್ನು ಕೊಲ್ಲುವುದು ಅಡಾಪ್ಟರ್. ಮೂಲ ಅಡಾಪ್ಟರ್ ಕಳೆದುಹೋದಾಗ ಪಿನ್ ಹೊಂದುವ ಯಾವುದೋ ಒಂದನ್ನು ಹಾಕುತ್ತೇವೆ. ಪಿನ್ ಹೊಂದಿದರೆ ಸಾಲದು. ವೋಲ್ಟೇಜ್ ಹೊಂದಬೇಕು, ಪಿನ್ನಿನ ನಡುವೆ ಪ್ಲಸ್ ಇದೆಯೋ ಮೈನಸ್ ಇದೆಯೋ ಎಂಬುದೂ ಹೊಂದಬೇಕು. ಎರಡೂ ಅಡಾಪ್ಟರ್‌ನ ಮೇಲೆ ಚಿತ್ರಸಮೇತ ಅಚ್ಚಾಗಿರುತ್ತವೆ. ಅಮೆರಿಕದಿಂದ ನೆಂಟರು ತಂದುಕೊಟ್ಟ ಗೇಮ್ ಯಂತ್ರವಾದರೆ ಇನ್ನೊಂದು ಸಾಲು ಓದಿ: 100-240 ಎಂದಿದ್ದರೆ ನಮ್ಮ 230 ವೋಲ್ಟ್‌ಗೆ ನೇರವಾಗಿ ಹಾಕಬಹುದು, ಬರೀ 120 ಎಂದಿದ್ದರೆ ಹಾಕಿದ ಕ್ಷಣವೇ ಹೊಗೆ. ಅಲ್ಲಿಂದ ತಂದ ಡಿವಿಡಿ ಇಲ್ಲಿ ಓಡದಿರುವುದಕ್ಕೆ ಕಾರಣ ಬೇರೆ. ಡಿವಿಡಿಗಳನ್ನು ಜಗತ್ತಿನ ವಲಯಗಳಿಗೆ ತಕ್ಕಂತೆ ಬೀಗ ಹಾಕಿ ಮಾರುತ್ತಾರೆ. ಅಮೆರಿಕ 1ನೇ ವಲಯ, ಭಾರತ 5ನೇ ವಲಯ.

ಒಂದು ರಂಧ್ರ, ಮೂವರು ನೆಂಟರು

ಆಂಟೆನಾ ಕಾಲದಲ್ಲಿ ಟಿವಿಗೆ ಇದ್ದದ್ದು ಒಂದೇ ದಾರಿ. ಹಳೆಯ ಗೇಮ್ ಡಬ್ಬಿಗಳು ಮತ್ತು ವಿಸಿಪಿಗಳು ಆ ದಾರಿಯಲ್ಲೇ ನುಗ್ಗುತ್ತಿದ್ದವು. ಅವು ತಮ್ಮ ಚಿತ್ರವನ್ನು ಒಂದು ಚಾನೆಲ್‌ನ ರೂಪಕ್ಕೆ ತಿರುಗಿಸಿ ಕಳಿಸುತ್ತಿದ್ದವು, ಅಂದರೆ ಪ್ರತಿ ಡಬ್ಬಿಯೂ ಒಂದು ಪುಟಾಣಿ ದೂರದರ್ಶನ ಕೇಂದ್ರ. ನಾವು ಟಿವಿಯ ಟ್ಯೂನಿಂಗ್ ಗುಂಡಿ ತಿರುಗಿಸುತ್ತಾ ಆ ಚಾನೆಲ್ ಹುಡುಕಬೇಕಿತ್ತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ರಾಮಾಯಣ ಬಂದದ್ದು 1987ರಲ್ಲಿ. ಅಲ್ಲಿಂದ ಮುಂದಿನ ಹತ್ತು ಹದಿನೈದು ವರ್ಷ ಹಳ್ಳಿಗಳಲ್ಲಿ ಗಣೇಶನ ಹಬ್ಬಕ್ಕೆ ಕಲರ್ ಟಿವಿ ಮತ್ತು 'ಡೆಕ್ಕು' ಬಾಡಿಗೆಗೆ ತಂದು, ಬೀದಿಯಲ್ಲಿ ಚಾಪೆ ಹಾಸಿ, ರಾತ್ರಿಯಿಡೀ ರಾಜ್‌ಕುಮಾರ್, ಅಂಬರೀಷ್ ಸಿನಿಮಾ ನೋಡುವುದೇ ಒಂದು ಹಬ್ಬ. ಅಂಬರೀಷ್ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು. ಅವರ ಸಿನಿಮಾ ಇಲ್ಲದ ಕ್ಯಾಸೆಟ್ ಕಟ್ಟನ್ನು ಈ ಕಡೆಯ ಯಾವ ಬೀದಿ ಒಪ್ಪುತ್ತಿತ್ತು ಹೇಳಿ. ಅಂಥ ರಾತ್ರಿಗಳಲ್ಲಿ ವಯರ್ ಜೋಡಿಸಲು ಬಂದ ಹುಡುಗನೇ ಊರಿನ ಇಂಜಿನಿಯರ್. ಟಿವಿ ಬಗೆಗಿನ ನಮ್ಮ ನಂಬಿಕೆಗಳಲ್ಲಿ ಎಷ್ಟೋ ಅಂಥ ಹುಡುಗರು ಗದರಿಸಿ ಹೇಳಿದ ಮಾತುಗಳೇ ಇರಬೇಕು ಎಂಬುದು ನನ್ನ ಅನುಮಾನ. "ಯಾರೂ ಮುಟ್ಬೇಡಿ, ಸುಟ್ಟೋಯ್ತದೆ" ಎಂದರೆ ಮಕ್ಕಳು ದೂರ ನಿಲ್ಲುತ್ತಿದ್ದರು.

ಮುಂದೆ ಕೇಬಲ್ ಡಿಜಿಟಲ್ ಆಯಿತು. 2013ರಲ್ಲಿ ಬೆಂಗಳೂರು, ಮೈಸೂರಿಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಉಳಿದ ಪಟ್ಟಣಗಳದ್ದು ಮೂರನೇ ಹಂತ, ಹಳ್ಳಿಗಳದ್ದು ನಾಲ್ಕನೇ ಹಂತ, ಅದಕ್ಕೆ 2017ರ ಮಾರ್ಚ್ 31ರ ಗಡುವು. ಆಗ ಹಳೆಯ ಟಿವಿಗಳಲ್ಲಿ ಒಂದು ಸಣ್ಣ ಜಗಳ ಶುರುವಾಯಿತು. ಹಳದಿ-ಬಿಳಿ-ಕೆಂಪಿನ ರಂಧ್ರ ಹಿಂದೆ ಒಂದೇ ಒಂದು ಜೊತೆ. ಅದನ್ನು ಸೆಟ್‌ಟಾಪ್ ಬಾಕ್ಸ್ ಹಿಡಿದುಕೊಂಡಿತು. ಡಿವಿಡಿ ಪ್ಲೇಯರ್, ಗೇಮ್ ಡಬ್ಬಿ ಹೊರಗೆ ನಿಂತವು. ದಿನಾ ಕಿತ್ತು ಹಾಕಿ ರಂಧ್ರ ಸಡಿಲವಾದಾಗ ಅಪವಾದ ಹೊತ್ತದ್ದು ಗೇಮ್ ಡಬ್ಬಿ. ಒಂದು ರಂಧ್ರಕ್ಕೆ ಮೂರು ಸಾಧನ ಹಂಚುವ, ಗುಂಡಿ ಒತ್ತಿ ಬದಲಿಸುವ ಸಣ್ಣ ಪೆಟ್ಟಿಗೆ ಸಿಗುತ್ತದೆ. ಒಳಗೆ ಎಲೆಕ್ಟ್ರಾನಿಕ್ಸ್ ಏನೂ ಇಲ್ಲ, ಬರೀ ಸ್ವಿಚ್. ಅದನ್ನು ತಂದಿದ್ದರೆ ಎಷ್ಟೋ ಮನೆಗಳಲ್ಲಿ ಜಗಳ ತಪ್ಪುತ್ತಿತ್ತು.

ಚಿತ್ರ ಕಪ್ಪುಬಿಳುಪಾದರೆ

ಹೊಸ ಟಿವಿಗೆ ಹಳೆಯ ಡಿವಿಡಿ ಪ್ಲೇಯರ್ ಜೋಡಿಸಿದಾಗ ಬಣ್ಣ ಮಾಯವಾಗುತ್ತದೆ. "ಪ್ಲೇಯರ್ ಹೋಯ್ತು" ಎಂದು ಎಸೆಯುವ ಮೊದಲು ಎರಡು ಕಡೆ ನೋಡಿ. ಹೊಸ ಟಿವಿಗಳಲ್ಲಿ ಹಳದಿ ರಂಧ್ರ ಬೇರೆಯಾಗಿ ಇರುವುದಿಲ್ಲ, ಎಷ್ಟೋ ಬಾರಿ ಹಸಿರು ರಂಧ್ರವೇ ಎರಡು ಕೆಲಸ ಮಾಡುತ್ತದೆ. ಹಳದಿ ವಯರನ್ನು ಹಸಿರಿಗೆ ಹಾಕಿ, ರಿಮೋಟ್‌ನಲ್ಲಿ ಕಾಂಪೊನೆಂಟ್ ಬದಲು ಎವಿ ಆರಿಸಬೇಕು. ಕಾಂಪೊನೆಂಟ್‌ನಲ್ಲೇ ಬಿಟ್ಟರೆ ಟಿವಿ ಅದನ್ನು ಬೆಳಕಿನ ಮಾಹಿತಿ ಎಂದಷ್ಟೇ ತಿಳಿದು ಬಣ್ಣ ಬಿಟ್ಟುಬಿಡುತ್ತದೆ.

ಎರಡನೆಯದು, ಬಣ್ಣದ ಪದ್ಧತಿ. ಭಾರತದ್ದು ಪಾಲ್ ಪದ್ಧತಿ, ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕ, ಜಪಾನಿನದು ಎನ್‌ಟಿಎಸ್‌ಸಿ, 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ಒಂದರ ಭಾಷೆ ಇನ್ನೊಂದಕ್ಕೆ ಅರ್ಥವಾಗದಿದ್ದರೆ ಚಿತ್ರ ಕಪ್ಪುಬಿಳುಪಾಗುತ್ತದೆ ಅಥವಾ ಮೇಲಿಂದ ಕೆಳಕ್ಕೆ ಉರುಳುತ್ತದೆ. ಪ್ಲೇಯರ್ ಸೆಟ್ಟಿಂಗ್‌ನಲ್ಲಿ ಪಾಲ್ ಅಥವಾ ಆಟೋ ಆರಿಸಿದರೆ ಸಾಕು.

ಕೆಲವು ಟಿವಿಗಳಲ್ಲಿ ಇಯರ್‌ಫೋನ್ ಗಾತ್ರದ ಒಂದೇ ತೂತು ಇರುತ್ತದೆ, ಅದಕ್ಕೆ ಮೂರು ಬಣ್ಣದ ಬಾಲವಿರುವ ವಯರ್ ಹಾಕಬೇಕು. ಒಂದು ಕಂಪನಿಯ ವಯರ್ ಇನ್ನೊಂದಕ್ಕೆ ಹೊಂದದಿರುವುದುಂಟು, ಏಕೆಂದರೆ ಪಿನ್ನಿನ ಉಂಗುರಗಳ ಕ್ರಮ ಬೇರೆ. ಚಿತ್ರದ ಬದಲು ಗೊರಗೊರ ಸದ್ದು ಬಂದರೆ ಹಳದಿಯನ್ನು ಕೆಂಪಿನ ಜಾಗಕ್ಕೆ ಹಾಕಿ ನೋಡಿ. ಕೆಲವೊಮ್ಮೆ ಅಷ್ಟರಲ್ಲೇ ಚಿತ್ರ ಬರುತ್ತದೆ.

ಇಷ್ಟೆಲ್ಲ ತಲೆನೋವು ಏಕೆ ಎಂದರೆ, ಎಷ್ಟೋ ಮನೆಗಳಲ್ಲಿ ಮದುವೆಯ ವಿಡಿಯೋ ಇರುವುದು ಆ ತಟ್ಟೆಗಳಲ್ಲೇ. ಅದರಲ್ಲಿ ಈಗ ಇಲ್ಲದ ಅಜ್ಜ ಅಜ್ಜಿಯರು ಓಡಾಡುತ್ತಿರುತ್ತಾರೆ. ಹೊಸ ದೊಡ್ಡ ಟಿವಿಯಲ್ಲಿ ಅದು ಮಸುಕಾಗಿ ಕಂಡರೆ ತಟ್ಟೆ ಕೆಟ್ಟಿದೆ ಎಂದುಕೊಳ್ಳಬೇಡಿ. ವಿಸಿಡಿಯ ಚಿತ್ರದಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆ ಮಾತ್ರ. ಡಿವಿಡಿಯಲ್ಲಿ 720, 576. ನಿಮ್ಮ ಫುಲ್ ಎಚ್‌ಡಿ ಟಿವಿ 1920, 1080 ಚುಕ್ಕೆಗಳದ್ದು. ಸಣ್ಣ ಚಿತ್ರವನ್ನು ಹಿಗ್ಗಿಸಿದರೆ ಮಸುಕಾಗಲೇಬೇಕು. ನಿಜವಾಗಿ ಚಿಂತಿಸಬೇಕಾದ್ದು ತಟ್ಟೆಯ ಆಯುಷ್ಯದ ಬಗ್ಗೆ. ಸ್ಟುಡಿಯೋದವರು ಬರೆದುಕೊಡುವ ತಟ್ಟೆಯಲ್ಲಿ ಮಾಹಿತಿ ಇರುವುದು ಒಂದು ಬಗೆಯ ಬಣ್ಣದ ಪದರದಲ್ಲಿ. ಬಿಸಿಲು, ತೇವ, ಗೀರುಗಳಿಗೆ ಅದು ಕ್ರಮೇಣ ಹಾಳಾಗುತ್ತದೆ. ಓಡುತ್ತಿರುವಾಗಲೇ ಕಂಪ್ಯೂಟರಿಗೆ ಹಾಕಿ, ಎರಡು ಬೇರೆ ಬೇರೆ ಜಾಗಕ್ಕೆ ನಕಲು ಮಾಡಿಸಿಕೊಳ್ಳಿ. ಗೃಹಪ್ರವೇಶಕ್ಕೋ ಹಬ್ಬಕ್ಕೋ ಮುಂದೂಡಬೇಡಿ.

ಪರಿವರ್ತಕಕ್ಕೆ ದಿಕ್ಕಿದೆ

ಹಳೆಯ ಪ್ಲೇಯರ್, ಹೊಸ ಟಿವಿ. ಅಥವಾ ಹೊಸ ಗೇಮ್ ಯಂತ್ರ, ಹಳೆಯ ಟಿವಿ. ನಡುವೆ ಒಂದು ಪರಿವರ್ತಕ ಬೇಕು. ಇಲ್ಲಿ ಹಣ ಕಳೆದುಕೊಳ್ಳುವವರು ಬಹಳ. ಮಂಡ್ಯದ ವಿ.ವಿ. ರಸ್ತೆಯಲ್ಲಿ ಕೊಂಡರೂ ಅಷ್ಟೆ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕೊಂಡರೂ ಅಷ್ಟೆ, ನೋಡಲು ಒಂದೇ ತರಹದ ಎರಡು ಡಬ್ಬಿ ಇರುತ್ತವೆ. ಒಂದು ಎವಿಯನ್ನು ಎಚ್‌ಡಿಎಂಐ ಮಾಡುತ್ತದೆ, ಇನ್ನೊಂದು ಎಚ್‌ಡಿಎಂಐಯನ್ನು ಎವಿ ಮಾಡುತ್ತದೆ. ಎತ್ತಿನ ಗಾಡಿಯ ನೊಗದಂತೆ ಇದನ್ನು ತಿರುಗಿಸಿ ಕಟ್ಟಲಾಗದು. ಅಂಗಡಿಯಲ್ಲಿ "ಟಿವಿಯಲ್ಲಿರುವ ರಂಧ್ರ ಇದು, ಡಬ್ಬಿಯಿಂದ ಬರುವ ವಯರ್ ಇದು" ಎಂದು ಫೋಟೋ ತೋರಿಸಿ ಕೇಳಿ. ಎರಡೂ ಬಗೆಗೆ ಪ್ರತ್ಯೇಕ ವಿದ್ಯುತ್ ಬೇಕು, ಮೊಬೈಲ್ ಚಾರ್ಜರ್‌ನ 5 ವೋಲ್ಟ್ ಸಾಕು. ಒಳಗೆ ಏನೂ ಇಲ್ಲದ, ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ಮೂರು ಬಣ್ಣದ ಬರೀ ವಯರ್ ಕೊಂಡರೆ ಸಾಮಾನ್ಯ ಟಿವಿ, ಪ್ಲೇಯರ್‌ಗಳಲ್ಲಿ ಅದು ಕೆಲಸ ಮಾಡದು.

ಮೊಬೈಲನ್ನು ವಯರ್‌ನಿಂದ ಟಿವಿಗೆ ಜೋಡಿಸುವ ಆಸೆ ಇರುವವರಿಗೂ ಇದೇ ಎಚ್ಚರಿಕೆ. ಸಿ ಪಿನ್ ಇದೆ ಎಂದ ಮಾತ್ರಕ್ಕೆ ಫೋನಿನಿಂದ ಚಿತ್ರ ಹೊರಬರುವುದಿಲ್ಲ. ಆ ಪಿನ್ನಿನ ಮೂಲಕ ಚಿತ್ರ ಕಳಿಸುವ ಸೌಲಭ್ಯ ಫೋನಿನೊಳಗೇ ಇರಬೇಕು, ಕಡಿಮೆ ಬೆಲೆಯ ಬಹುತೇಕ ಫೋನ್‌ಗಳಲ್ಲಿ ಅದಿಲ್ಲ. ಟಿವಿ ಸ್ಮಾರ್ಟ್ ಆಗಿದ್ದರೆ ವೈಫೈ ಮೂಲಕ ಕಳಿಸುವುದೇ ಸುಲಭ.

ಇನ್ನು ಚಿನ್ನದ ಲೇಪದ ದುಬಾರಿ ಎಚ್‌ಡಿಎಂಐ ವಯರ್. ಇಲ್ಲಿ ಓಡುವುದು ಸೊನ್ನೆ ಮತ್ತು ಒಂದು. ಅವು ಸರಿಯಾಗಿ ತಲುಪಿದರೆ ಚಿತ್ರ ಪೂರ್ತಿ ಬರುತ್ತದೆ, ತಲುಪದಿದ್ದರೆ ಚುಕ್ಕೆ ಮಿಂಚುತ್ತವೆ ಅಥವಾ ಪರದೆ ಕಪ್ಪಾಗುತ್ತದೆ. ಬಣ್ಣ ಸ್ವಲ್ಪ ಹೆಚ್ಚು, ಮುಖ ಸ್ವಲ್ಪ ಹೊಳಪು ಎಂಬುದಿಲ್ಲ. ಒಂದೂವರೆ ಎರಡು ಮೀಟರ್ ದೂರಕ್ಕೆ ಸಾಧಾರಣ ವಯರ್ ಸಾಕು. ಹತ್ತು ಮೀಟರ್ ಎಳೆಯುವವರು, ಹೊಸ ತಲೆಮಾರಿನ ಗೇಮ್ ಯಂತ್ರದಲ್ಲಿ 4ಕೆ ಚಿತ್ರವನ್ನು ಸೆಕೆಂಡಿಗೆ 120 ಬಾರಿ ತೋರಿಸಬೇಕೆನ್ನುವವರು ಮಾತ್ರ ವಯರ್‌ನ ವೇಗದ ದರ್ಜೆ ನೋಡಿ ಕೊಳ್ಳಬೇಕು.

ಬೆರಳಿಗೆ ಜುಮ್ ಎಂದರೆ

ಇಲ್ಲಿಂದ ಮುಂದಿನದ್ದನ್ನು ನಿಧಾನವಾಗಿ ಓದಿ. ಸೆಟ್‌ಟಾಪ್ ಬಾಕ್ಸ್‌ನ ಹಿಂಭಾಗ ಮುಟ್ಟಿದಾಗ ಬೆರಳಿಗೆ ಜುಮ್ ಎನ್ನುವುದು ಹಲವರ ಅನುಭವ. ಇಂದಿನ ಎರಡು ಪಿನ್ನಿನ ಅಡಾಪ್ಟರ್‌ಗಳಲ್ಲಿ ರೇಡಿಯೋ ಗದ್ದಲ ತಡೆಯಲು ಒಂದು ಸಣ್ಣ ಕೆಪಾಸಿಟರ್ ಇಡುತ್ತಾರೆ. ಅದರ ಮೂಲಕ ಅತ್ಯಲ್ಪ ವಿದ್ಯುತ್ ಹೊರಗಿನ ಲೋಹಕ್ಕೆ ಬರುತ್ತದೆ, ಒಂದು ಮಿಲಿ ಆಂಪಿಯರ್‌ಗಿಂತಲೂ ಕಡಿಮೆ. ಅಷ್ಟರಿಂದ ಮನುಷ್ಯನಿಗೆ ಅಪಾಯವಿಲ್ಲ. ಆದರೆ ಚಾಲೂ ಇರುವಾಗಲೇ ಎಚ್‌ಡಿಎಂಐ ಚುಚ್ಚಿದರೆ ಆ ಸಣ್ಣ ಕಿಡಿ ಟಿವಿಯ ಸೂಕ್ಷ್ಮ ಚಿಪ್ಪನ್ನು ಕೊಲ್ಲಬಹುದು. "ಗೇಮ್ ಹಾಕಿದ ತಕ್ಷಣ ಟಿವಿ ಹೋಯ್ತು" ಎನ್ನುವ ಕಥೆಗಳಲ್ಲಿ ನಿಜವಾದವು ಇದ್ದರೆ ಅವುಗಳ ಹಿಂದೆ ಗೇಮ್ ಇರುವುದಿಲ್ಲ, ಈ ಕಿಡಿ ಇರಬಹುದು. ಗೋಡೆಯ ಸ್ವಿಚ್ ಎರಡಕ್ಕೂ ಆಫ್ ಮಾಡಿ, ಮೊದಲು ವಯರ್ ಜೋಡಿಸಿ, ಆಮೇಲೆ ಸ್ವಿಚ್ ಹಾಕಿ.

ಜುಮ್ ಎನ್ನುವುದು ಬೇರೆ, ಕೈ ಹಿಂದಕ್ಕೆ ಎಗರುವಂತೆ ಹೊಡೆಯುವುದು ಬೇರೆ. ಎರಡನೆಯದಾದರೆ ಬಳಸುವುದನ್ನು ನಿಲ್ಲಿಸಿ. ಅಡಾಪ್ಟರ್ ಕೆಟ್ಟಿರಬಹುದು, ಮನೆಯ ಅರ್ಥಿಂಗ್ ಸತ್ತಿರಬಹುದು, ಕೇಬಲ್ ವಯರ್ ಮೂಲಕ ಬೇರೆಲ್ಲಿಂದಲೋ ವಿದ್ಯುತ್ ಹರಿದು ಬರುತ್ತಿರಬಹುದು. ಮೂರು ಪಿನ್ನಿನ ಪ್ಲಗ್‌ನಲ್ಲಿ ಮೇಲಿನ ದಪ್ಪ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್‌ಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಆ ಪಿನ್ ಅಲಂಕಾರಕ್ಕಿಲ್ಲ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿದರೆ ಅದರ ಕೆಲಸ ಅರ್ಧಕ್ಕಿಳಿಯುತ್ತದೆ, ಹಿರಿಯರು ಆ ಗುಂಡಿಗೆ ನೀರು ಸುರಿಯುತ್ತಿದ್ದುದಕ್ಕೆ ಕಾರಣ ಅದೇ. ಮನೆಯ ಮುಖ್ಯ ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ, ಸೋರಿಕೆ ಅಪಾಯದ ಮಟ್ಟ ಮುಟ್ಟುವ ಮೊದಲೇ ಕರೆಂಟ್ ಕಡಿತವಾಗುತ್ತದೆ. ಹಳೆಯ ಟ್ಯೂಬಿನ ಟಿವಿಯ ಹಿಂದಿನ ಮುಚ್ಚಳವನ್ನಂತೂ ಮನೆಯಲ್ಲಿ ತೆಗೆಯಲೇಬೇಡಿ. ಒಳಗೆ ಇಪ್ಪತ್ತು ಸಾವಿರ ವೋಲ್ಟ್ ಮೀರುವ ಜಾಗವಿದೆ, ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಕಾಲ ಉಳಿಯಬಹುದು.

ವಿದ್ಯುತ್ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದದ್ದು 1902ರಲ್ಲಿ. (ಅದು ಏಷ್ಯಾದ ಮೊದಲ ಜಲವಿದ್ಯುತ್ ಎಂಬ ಫಾರ್ವರ್ಡ್ ಕೂಡ ತಪ್ಪು. ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್ 1897ರಲ್ಲೇ ಶುರುವಾಗಿತ್ತು. ಅಷ್ಟು ದೂರಕ್ಕೆ ಕರೆಂಟ್ ಸಾಗಿಸಿದ್ದು ಶಿವನಸಮುದ್ರದ ಹಿರಿಮೆ.) ಕಬ್ಬಿನ ಗದ್ದೆಯ ಪಂಪುಗಳು ಒಟ್ಟಿಗೆ ಓಡಿದಾಗ ವೋಲ್ಟೇಜ್ ಕುಸಿಯುವುದೂ ಗೊತ್ತಿದ್ದದ್ದೇ. ಹೊಸ ಟಿವಿಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ತಾಳಿಕೊಳ್ಳುತ್ತವೆ. ಅವುಗಳ ಶತ್ರು ಕಡಿಮೆ ವೋಲ್ಟೇಜ್ ಅಲ್ಲ, ಒಮ್ಮೆಗೇ ನುಗ್ಗುವ ಹೆಚ್ಚಿನ ವೋಲ್ಟೇಜ್.

ಸಿಡಿಲು ಬರುವ ದಾರಿ

ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕಟ್ಟಿದಾಗ ರಿಮೋಟ್‌ನಲ್ಲಿ ಟಿವಿ ಆಫ್ ಮಾಡಿ, ಗೋಡೆಯ ಸ್ವಿಚ್ ಒತ್ತಿ "ಸಾಕು" ಎಂದುಕೊಳ್ಳುತ್ತೇವೆ. ಸಾಲದು. ಸ್ವಿಚ್ಚಿನೊಳಗಿನ ಅಂತರ ಕೆಲವೇ ಮಿಲಿಮೀಟರ್. ಆಕಾಶದಿಂದ ನೆಲಕ್ಕೆ ಹಾರಿದ್ದಕ್ಕೆ ಆ ಅಂತರ ಲೆಕ್ಕಕ್ಕಿಲ್ಲ. ಪ್ಲಗ್ ಕಿತ್ತರೂ ಅರ್ಧ ಕೆಲಸ ಮಾತ್ರ ಆಗಿರುತ್ತದೆ. ಮಾಳಿಗೆಯ ಮೇಲಿನ ಡಿಶ್‌ನಿಂದ, ಅಥವಾ ಕಂಬದಿಂದ ಕಂಬಕ್ಕೆ ತೂಗುವ ಕೇಬಲ್‌ನಿಂದ ಬಂದ ವಯರ್ ಇನ್ನೂ ಸೆಟ್‌ಟಾಪ್ ಬಾಕ್ಸ್‌ಗೆ ಅಂಟಿಕೊಂಡಿರುತ್ತದೆ. ಸಿಡಿಲು ಹತ್ತಿರದಲ್ಲಿ ಬಿದ್ದರೂ ಆ ವಯರ್‌ನಲ್ಲಿ ವಿದ್ಯುತ್ ಉಕ್ಕುತ್ತದೆ. ಅಲ್ಲಿಂದ ಬಾಕ್ಸ್, ಬಾಕ್ಸ್‌ನಿಂದ ಎಚ್‌ಡಿಎಂಐ, ಎಚ್‌ಡಿಎಂಐಯಿಂದ ಟಿವಿ, ಟಿವಿಯಿಂದ ಗೇಮ್ ಯಂತ್ರ. ಜೋಡಿಸಿದ್ದು ಹೆಚ್ಚಾದಷ್ಟೂ ಒಟ್ಟಿಗೆ ಹೋಗುವ ಸಾಮಾನೂ ಹೆಚ್ಚು. ಪ್ಲಗ್‌ಗೆ ಹಾಕುವ ಸರ್ಜ್ ಪ್ರೊಟೆಕ್ಟರ್ ಈ ಹಿಂಬಾಗಿಲನ್ನು ಕಾಯುವುದಿಲ್ಲ.

ಆದ್ದರಿಂದ ಮೋಡ ಕಂಡಾಗಲೇ ಎಲ್ಲ ಪ್ಲಗ್‌ಗಳನ್ನೂ ಕಿತ್ತು, ಡಿಶ್ ಅಥವಾ ಕೇಬಲ್‌ನ ತಿರುಪು ವಯರನ್ನೂ ಬಾಕ್ಸ್‌ನಿಂದ ಬಿಚ್ಚಿ, ತುದಿಯನ್ನು ದೂರ ಇಡಿ. ಗುಡುಗು ಕೇಳಿಸಿದ ಮೇಲೆ ಈ ಕೆಲಸಕ್ಕೆ ಹೋಗಬೇಡಿ. ಗುಡುಗು ಕೇಳಿಸುತ್ತಿದೆ ಎಂದರೆ ಸಿಡಿಲು ನಿಮ್ಮನ್ನು ಮುಟ್ಟುವ ದೂರದಲ್ಲಿದೆ ಎಂದರ್ಥ, ಆ ಹೊತ್ತಿನಲ್ಲಿ ಹೊರಗಿನಿಂದ ಬಂದ ವಯರ್ ಕೈಯಲ್ಲಿ ಹಿಡಿಯುವುದು ಟಿವಿಗಾಗಿ ಜೀವ ಒಡ್ಡಿದಂತೆ. ಟಿವಿ ಹೋದರೆ ಹೋಗಲಿ. ಮೊಬೈಲ್ ಸಿಡಿಲನ್ನು ಸೆಳೆಯುತ್ತದೆ ಎಂಬುದು ಸುಳ್ಳು, ಆದರೆ ಚಾರ್ಜಿಗೆ ಹಾಕಿದ ಮೊಬೈಲ್ ಹಿಡಿದು ಮಾತಾಡುವುದು ಬೇಡ, ಅದು ಮನೆಯ ವಯರಿಂಗ್‌ಗೆ ಅಂಟಿದ ಮೊಬೈಲ್. ಮುನ್ಸೂಚನೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಮತ್ತು ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಇವೆ.

ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಜೋಡಿಸಬಹುದು. ಆಗಲೂ ಮೊದಲು ಡಿಶ್ ವಯರ್, ಆಮೇಲೆ ಎಚ್‌ಡಿಎಂಐ, ಕಟ್ಟಕಡೆಗೆ ಪ್ಲಗ್. ಬಾಕ್ಸ್‌ನಿಂದ ಸುಟ್ಟ ವಾಸನೆ ಬರುತ್ತಿದ್ದರೆ, ವಯರ್ ತುದಿ ಕಪ್ಪಾಗಿದ್ದರೆ ಅಥವಾ ಗೋಡೆಯ ಸಾಕೆಟ್‌ನ ಸುತ್ತ ಒದ್ದೆ ಇದ್ದರೆ ಸ್ವಿಚ್ ಹಾಕದೆ ಮೇನ್ ಇಳಿಸಿ, ಎಲೆಕ್ಟ್ರಿಷಿಯನ್ ಕರೆಸಿ.